ಯಂತ್ರಗಳ ಹೆಸರು, ಮನೆಯ ಮಾತು

ಮನೆಯಲ್ಲಿ ಶಿಶು ಜನಿಸಿದರೆ ತೊಟ್ಟಿಲಿಗೆ ಹಾಕಿ ಹೆಸರಿಡುವುದು ನಮ್ಮ ಸಂಪ್ರದಾಯ. ಯಂತ್ರಗಳಾದರೋ ಹೆಸರನ್ನು ಕಟ್ಟಿಕೊಂಡೇ ನಮ್ಮ ಮನೆಗೆ ಬರುತ್ತವೆ. ರೇಡಿಯೋ, ಬಲ್ಬು, ಟೆಲಿವಿಷನ್, ಮೊಬೈಲು—ಈ ಪರದೇಶದ ಹೆಸರುಗಳಿಗೆ ಪ್ರತಿಯಾಗಿ ನಮ್ಮ ವಿದ್ವಾಂಸರು ಹೊಸ ಶಬ್ದಗಳನ್ನು ರಚಿಸಿದರು. ಅವುಗಳಲ್ಲಿ ಕೆಲವು ನಿಂತವು, ಕೆಲವು ನಿಲ್ಲಲಿಲ್ಲ. ಇದಕ್ಕೆ ಕಾರಣವೇನು?

ಮೊದಲು ಆ ಪರದೇಶದ ಹೆಸರುಗಳ ಕುಲವನ್ನೇ ವಿಚಾರಿಸೋಣ. ರೇಡಿಯೋ ಎಂಬುದರ ಮೂಲ ಲ್ಯಾಟಿನ್ ಭಾಷೆಯ ‘ರೇಡಿಯಸ್’. ಚಕ್ರದ ಅರ, ಕಿರಣ ಎಂದು ಅದಕ್ಕೆ ಅರ್ಥ. ಬಲ್ಬು ಎಂಬುದು ಗ್ರೀಕರ ‘ಬೊಲ್ಬೋಸ್’, ಎಂದರೆ ಉಳ್ಳಾಗಡ್ಡಿಯಂಥ ಗಡ್ಡೆ. ಗಾಜಿನ ಬುರುಡೆಯ ಆಕಾರವನ್ನು ಕಂಡು ಆ ಹೆಸರು ಅದಕ್ಕೆ ಅಂಟಿತು. ‘ಟ್ರಾನ್ಸಿಸ್ಟರ್’ ಎಂಬುದು 1948ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಪಿಯರ್ಸ್ ಎಂಬ ಇಂಜಿನಿಯರು ಒಂದು ಸಣ್ಣ ಬಿಡಿಭಾಗಕ್ಕೆ ಸೂಚಿಸಿದ ಹೆಸರು. ಮುಂದೆ ಅದುಳ್ಳ ಇಡೀ ಪೆಟ್ಟಿಗೆಗೇ ಅದು ಹೆಸರಾಯಿತು. ಹೀಗೆ ಇಂಗ್ಲಿಷರೂ ಎರವಲು ತಂದವರೇ, ಹೋಲಿಕೆಯಿಂದ ಹೆಸರಿಟ್ಟವರೇ. ಎರವಲು ತಂದುದಕ್ಕಾಗಿ ಅವರು ನಾಚಿದವರಲ್ಲ.

ನಮ್ಮವರು ಇಟ್ಟ ಹೆಸರುಗಳಲ್ಲಿ ಅತ್ಯಂತ ಭಾಗ್ಯಶಾಲಿಯಾದುದು ‘ಆಕಾಶವಾಣಿ’. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್ ಶಕ್ತಿಯ ಒಂದು ಪ್ರೇಷಕ ಯಂತ್ರದಿಂದ ಪ್ರಸಾರವನ್ನು ಆರಂಭಿಸಿದರು. ಆ ನಿಲಯಕ್ಕೆ ಈ ಹೆಸರನ್ನು ಸೂಚಿಸಿದವರು ಅದೇ ಕಾಲೇಜಿನಲ್ಲಿ ಇತಿಹಾಸ ಬೋಧಿಸುತ್ತಿದ್ದ ನಾ. ಕಸ್ತೂರಿಯವರೆಂಬುದು ಪ್ರತೀತಿ. ಶಬ್ದಗಳಿಗೆ ಹಾಸ್ಯದ ಅರ್ಥಗಳನ್ನು ಹೇಳುವ ‘ಅನರ್ಥಕೋಶ’ವನ್ನು ಬರೆದವರೂ ಅವರೇ. 1942ರಲ್ಲಿ ಸಂಸ್ಥಾನದ ಸರ್ಕಾರವು ನಿಲಯವನ್ನು ವಹಿಸಿಕೊಂಡಿತು. 1950ರ ದಶಕದಲ್ಲಿ ಇಡೀ ಭಾರತದ ಪ್ರಸಾರ ಸಂಸ್ಥೆಯು ಮೈಸೂರಿನ ಈ ಹೆಸರನ್ನು ಸ್ವೀಕರಿಸಿತು. 2023ರಲ್ಲಿ ತನ್ನ ಇಂಗ್ಲಿಷ್ ಹೆಸರನ್ನೇ ಬಿಟ್ಟು ಇದನ್ನು ಉಳಿಸಿಕೊಂಡಿತು. 1950ರ ಜನವರಿ 8ರಂದು ಆರಂಭವಾದ ನಮ್ಮ ಧಾರವಾಡದ ನಿಲಯವೂ ಇದೇ ಹೆಸರಿನಿಂದ ಪ್ರಸಿದ್ಧವಾಗಿದೆ.

ಈ ಶಬ್ದವು ನಿಂತುದಕ್ಕೆ ಕಾರಣ ಸ್ಪಷ್ಟವಾಗಿದೆ. ದೇವಕಿಯ ಎಂಟನೆಯ ಗರ್ಭವು ಕಂಸನನ್ನು ಕೊಲ್ಲುವುದೆಂದು ನುಡಿದ ಅಶರೀರವಾಣಿಯನ್ನು ನಮ್ಮ ಜನ ಪುರಾಣದಲ್ಲಿಯೂ ಬಯಲಾಟದಲ್ಲಿಯೂ ಕೇಳಿಯೇ ಇದ್ದರು. ಕಾಣದ ಬಾಯಿಂದ ಬರುವ ಮಾತಿಗೆ ಅವರಲ್ಲಿ ಹೆಸರು ಮೊದಲೇ ಇತ್ತು.

ಆದರೂ ಒಂದು ವಿಶೇಷವುಂಟು. ಈ ಹೆಸರು ಸಂದುದು ನಿಲಯಕ್ಕೇ ಹೊರತು ಪೆಟ್ಟಿಗೆಗಲ್ಲ. ‘ನಮ್ಮ ಆಕಾಶವಾಣಿ ಕೆಟ್ಟಿದೆ, ದುರಸ್ತಿಗೆ ಕೊಡಬೇಕು’ ಎಂದು ಯಾರು ಹೇಳುತ್ತಾರೆ? ‘ದೂರದರ್ಶನ’ದ ಗತಿಯೂ ಇದೇ: ಅದು ಸಂಸ್ಥೆಯ ಹೆಸರಾಗಿ ನಿಂತಿತು, ಮನೆಯ ಪೆಟ್ಟಿಗೆ ಟಿ.ವಿ.ಯಾಗಿಯೇ ಉಳಿಯಿತು. 1995ರಲ್ಲಿ ನಮ್ಮ ದೇಶಕ್ಕೆ ಮೊಬೈಲು ಬಂದ ತರುವಾಯ ರಚಿತವಾದ ‘ಜಂಗಮವಾಣಿ’ಯು ಎಷ್ಟು ಸೊಗಸಾದ ಶಬ್ದ! ಆದರೆ ಜಂಗಮರೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ಜೋಳಿಗೆ ಹಿಡಿದು ಭಿಕ್ಷೆಗೆ ಬರುವ ಅಯ್ಯನವರು. ಶಬ್ದಕ್ಕೆ ಅದಾಗಲೇ ಒಡೆಯರಿದ್ದರು. ಆದುದರಿಂದ ಅದು ಲಗ್ನಪತ್ರಿಕೆಯ ಅಡಿಯಲ್ಲಿ ಅಚ್ಚಾಯಿತು, ನಾಲಗೆಯ ಮೇಲೆ ನೆಲಸಲಿಲ್ಲ.

ಹಾಗಾದರೆ ಕನ್ನಡವು ಸೋತಿತೇ? ಹುಬ್ಬಳ್ಳಿ-ಧಾರವಾಡದ ಮನೆಮಾತಿಗೆ ಕಿವಿಗೊಟ್ಟವರು ಹಾಗೆನ್ನಲಾರರು. ಇಲ್ಲಿ ಲೈಟು ಹಚ್ಚುತ್ತಾರೆ, ಫ್ಯಾನು ಹಚ್ಚುತ್ತಾರೆ, ರೇಡಿಯೋ ಹಚ್ಚುತ್ತಾರೆ, ಟಿ.ವಿ. ಹಚ್ಚುತ್ತಾರೆ, ದೂರದವರೊಡನೆ ಮಾತನಾಡಬೇಕಾದರೆ ಫೋನೂ ಹಚ್ಚುತ್ತಾರೆ. ಕರೆ ಸೇರದಿದ್ದರೆ ‘ಫೋನ್ ಹತ್ತವಲ್ದು’ ಎನ್ನುತ್ತಾರೆ. ಹಣತೆಗೂ ಕಂದೀಲಿಗೂ ಸಲ್ಲುತ್ತಿದ್ದ ಕ್ರಿಯಾಪದವೇ ವಿದ್ಯುತ್ತಿನ ಹಿಂದೆ ನಡೆದು, ಜ್ವಾಲೆಯಿಲ್ಲದ ಯಂತ್ರಗಳನ್ನೂ ತನ್ನ ವಶಮಾಡಿಕೊಂಡಿದೆ.

ಈ ಹಚ್ಚು, ಹತ್ತುಗಳು ತಾಯಿ-ಮಕ್ಕಳು. ಹಳಗನ್ನಡದ ‘ಪತ್ತು’ ಎಂಬುದೇ ಹೊಸಗನ್ನಡದ ‘ಹತ್ತು’: ಅಂಟು, ತಗಲು ಎಂದು ಅರ್ಥ. ಬೆಂಕಿ ಹತ್ತುತ್ತದೆ, ನಾವು ದೀಪ ಹಚ್ಚುತ್ತೇವೆ. ಹಣೆಗೆ ಕುಂಕುಮ ಹಚ್ಚುವುದೂ, ಹುಡುಗನನ್ನು ಕೆಲಸಕ್ಕೆ ಹಚ್ಚುವುದೂ ಅದೇ ಮಾತು. ಒಂದನ್ನು ಇನ್ನೊಂದಕ್ಕೆ ತಾಗಿಸಿ ಚಾಲನೆ ಕೊಡುವುದೆಂಬ ಭಾವವು ಇವೆಲ್ಲದರಲ್ಲಿಯೂ ಇದೆ. ಗುಂಡಿಯೊತ್ತಿ ಯಂತ್ರವನ್ನು ನಡೆಸುವುದಕ್ಕೆ ಇದಕ್ಕಿಂತ ತಕ್ಕ ಶಬ್ದವನ್ನು ಯಾವ ಪಂಡಿತಮಂಡಲಿಯು ರಚಿಸೀತು?

ಆದರೆ ಇಂದು ಈ ಮಾತಿಗೇ ಕುತ್ತು ಬಂದಿದೆ. ‘ಫ್ಯಾನು ಹಚ್ಚು’ ಎಂದ ಹುಡುಗನನ್ನು ಹಳ್ಳಿಯವನೆಂದು ನಗುವವರುಂಟು. ನಕ್ಕುದರ ಫಲವಾಗಿ ಅವನು ‘ಆನ್ ಮಾಡು’ ಎನ್ನಲು ಕಲಿಯುತ್ತಾನೆ. ಯಂತ್ರದ ಹೆಸರು ಪರಭಾಷೆಯದಾದರೆ ಹಾನಿಯಿಲ್ಲ. ಕಂದೀಲು ಎಂಬುದೂ ಅರಬ್ಬೀಯಿಂದ ಬಂದ ಅತಿಥಿಯೇ. ಅತಿಥಿಗಳು ಎಷ್ಟು ಮಂದಿ ಬಂದರೂ ಮನೆಯೊಡತಿ ಇರುವ ತನಕ ಮನೆ ನಮ್ಮದೇ. ವಾಕ್ಯವೆಂಬ ಮನೆಗೆ ಒಡತಿಯೆಂದರೆ ಕ್ರಿಯಾಪದ. ಅವಳನ್ನು ನಾವೇ ನಾಚಿಸಿ ಹೊರಗಟ್ಟಿದರೆ, ಆಮೇಲೆ ಎಷ್ಟು ಹೊಸ ನಾಮಪದಗಳನ್ನು ರಚಿಸಿದರೂ ಮನೆ ತುಂಬಲಾರದು. ಆದುದರಿಂದ ಉಪಾಧ್ಯಾಯರೂ ತಾಯಂದಿರೂ ಮಕ್ಕಳ ಬಾಯಲ್ಲಿ ಈ ಮಾತನ್ನು ತಿದ್ದದೆ ಉಳಿಸಿಕೊಡಬೇಕೆಂದು ಬೇಡುತ್ತೇನೆ.