ಹೆಬ್ಬಾಳದ ಶಿಲೆ ಮತ್ತು ಪೊಟ್ಯಾಷಿನ ಪ್ರಶ್ನೆ

ಬೆಂಗಳೂರಿನ ಉತ್ತರಕ್ಕೆ ಹೆಬ್ಬಾಳ, ಯಲಹಂಕಗಳ ಕೆಂಪು ಮಣ್ಣಿನ ಅಡಿಯಲ್ಲಿ ಹಾಸಿರುವ ನೈಸ್ ಶಿಲೆಯ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲು. ಅದರಲ್ಲಿರುವ ಫೆಲ್ಡ್‌ಸ್ಪಾರ್, ಕಪ್ಪು ಅಭ್ರಕ ಮೊದಲಾದ ಸಿಲಿಕೇಟು ಖನಿಜಗಳಲ್ಲಿ ಪೊಟ್ಯಾಸಿಯಂ ಅಡಗಿದೆ. ಆದರೂ ಬೆಳೆಗೆ ಅವಶ್ಯವಾದ ಪೊಟ್ಯಾಷ್ ಗೊಬ್ಬರವನ್ನು ನಮ್ಮ ದೇಶವು ಇಂದಿಗೂ ಬಹುಮಟ್ಟಿಗೆ ಹೊರನಾಡುಗಳಿಂದಲೇ ತರಿಸಿಕೊಳ್ಳುತ್ತಿದೆ. ಕಾಲ ಕೆಳಗಿನ ಭಂಡಾರವು ರೈತನಿಗೆ ಏಕೆ ದಕ್ಕಲಿಲ್ಲವೆಂಬುದೇ ಇಲ್ಲಿ ನಮ್ಮ ವಿಚಾರ.

ರೈತನು ಈ ಭಂಡಾರವನ್ನು ಪೂರ್ತಿಯಾಗಿ ಅರಿಯದವನಾಗಿರಲಿಲ್ಲ. ಒಲೆಯ ಬೂದಿಯನ್ನು ತಿಪ್ಪೆಗೆ ಸೇರಿಸುವುದೂ, ಬೇಸಗೆಯಲ್ಲಿ ಬತ್ತಿದ ಕೆರೆಯ ಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುವುದೂ ನಮ್ಮ ಬೇಸಾಯದ ಹಳೆಯ ಪದ್ಧತಿಗಳು. ಬಂಡೆಯಿಂದ ಸವೆದ ಖನಿಜಾಂಶವನ್ನು ಮರದ ಬೇರು ಹೀರಿ ಬೂದಿಯಾಗಿಸುತ್ತಿತ್ತು. ಮಳೆಯ ನೀರು ಅದನ್ನು ಕೆರೆಯಂಗಳಕ್ಕೆ ತಂದು ನಿಲ್ಲಿಸುತ್ತಿತ್ತು. ಪೊಟ್ಯಾಷ್ ಎಂಬ ಹೆಸರೇ ಬೂದಿಯಿಂದ ಹುಟ್ಟಿದುದು. ಆ ಬೂದಿಯ ಸಾರದಿಂದಲೇ ಹಂಫ್ರಿ ಡೇವಿ 1807ರಲ್ಲಿ ಪೊಟ್ಯಾಸಿಯಂ ಲೋಹವನ್ನು ಬೇರ್ಪಡಿಸಿದನು.

1899ರಲ್ಲಿ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನಿತ್ತು ಕೃಷಿ ಪ್ರಯೋಗಕ್ಷೇತ್ರಕ್ಕೆ ಆಸ್ಪದ ಮಾಡಿಕೊಟ್ಟರು. ಮಣ್ಣು ಮತ್ತು ಬೆಳೆಗಳ ಸಂಬಂಧವನ್ನು ಶೋಧಿಸಲು ಡಾ. ಲೆಹ್ಮನ್ ನಿಯುಕ್ತರಾದರು. 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯದ ಮೂಲವು ಈ ಕ್ಷೇತ್ರದಲ್ಲಿದೆ.

ಆ ಕಾಲದಲ್ಲಿ ಜಗತ್ತಿನ ಪೊಟ್ಯಾಷಿಗೆ ಜರ್ಮನಿಯ ಸ್ಟಾಸ್‌ಫರ್ಟ್ ಮೊದಲಾದ ಗಣಿಗಳೇ ಆಧಾರವಾಗಿದ್ದುವು. ಅಮೆರಿಕದ ಕೃಷಿ ಇಲಾಖೆಯ ಕುಷ್‌ಮನ್ 1907ರ ವೇಳೆಗೇ ಫೆಲ್ಡ್‌ಸ್ಪಾರ್ ಪುಡಿಯನ್ನು ಗೊಬ್ಬರವಾಗಿ ಪರಿಶೀಲಿಸಿದ್ದನು. 1914ರ ಯುದ್ಧದಿಂದ ಜರ್ಮನಿಯ ಸರಬರಾಜು ನಿಂತಾಗ ಈ ಶೋಧನೆಯು ತೀವ್ರವಾಯಿತು. ನಾರ್ವೆಯಲ್ಲಿ ಗೋಲ್ಡ್‌ಶ್ಮಿಟ್ ಅಭ್ರಕವನ್ನು ಪರೀಕ್ಷಿಸಿದನು. ಶಾಂತಿಯ ಬಳಿಕ ಅಗ್ಗದ ಲವಣವು ಮರಳಿ ಬಂದು, ಶಿಲೆಯ ವಿಚಾರ ಹಿಂದೆ ಸರಿಯಿತು.

ಇದಕ್ಕೆ ಬೆಲೆಯೊಂದೇ ಕಾರಣವಲ್ಲ. ಶುದ್ಧ ಆರ್ಥೊಕ್ಲೇಸ್ ಫೆಲ್ಡ್‌ಸ್ಪಾರಿನಲ್ಲಿ ಶೇ. 16.9ರಷ್ಟು ಪೊಟ್ಯಾಷ್ ಉಂಟು. ಆದರೆ ಅದು ಸಿಲಿಕೇಟಿನ ಗಟ್ಟಿ ಚೌಕಟ್ಟಿನೊಳಗೆ ಬಂಧಿತವಾಗಿದೆ. ಅಭ್ರಕದ ಪದರಗಳ ನಡುವಿನದು ಇದಕ್ಕಿಂತ ಬೇಗ ಬಿಡುಗಡೆಯಾಗುತ್ತದೆ. ಆದರೂ ಬೆಳೆಯ ಅವಸರಕ್ಕೆ ಅದು ಸಾಲದು. ಕಲ್ಲುಪುಡಿಯಲ್ಲಿ ಶೇ. 3ರಷ್ಟು ಪೊಟ್ಯಾಷ್ ಇದೆಯೆಂದು ಭಾವಿಸಿದರೆ, 100 ಕಿಲೋ ಮ್ಯೂರಿಯೇಟ್ ಗೊಬ್ಬರದಲ್ಲಿರುವ 60 ಕಿಲೋ ಪೊಟ್ಯಾಷಿಗೆ 2 ಟನ್ ಪುಡಿ ಬೇಕು. ಅದರಲ್ಲಿಯೂ ಒಂದು ಹಂಗಾಮಿನಲ್ಲಿ ಬೇರಿಗೆ ಸಿಕ್ಕುವುದು ಅಲ್ಪಾಂಶ ಮಾತ್ರ.

2022ರಲ್ಲಿ ರಷ್ಯಾ–ಉಕ್ರೇನ್ ಯುದ್ಧವು ಪೊಟ್ಯಾಷಿನ ಬೆಲೆಯನ್ನು ಏರಿಸಿದಾಗ ಹಳೆಯ ಪ್ರಶ್ನೆ ಮತ್ತೆ ತಲೆಯೆತ್ತಿತು. ನೆಲದಲ್ಲಿ ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬೇಗ ದೊರೆಯುವುದು ಎಂಬುದೇ ಮುಖ್ಯವೆಂದು ಈ ಚರಿತ್ರೆಯಿಂದ ನಾವು ತಿಳಿಯಬಹುದು. ಕಲ್ಲುಪುಡಿಯು ದೀರ್ಘಾವಧಿಯ ಬೆಳೆಗಳಿಗೆ ನಿಧಾನವಾದ ಪೂರಕವಾದೀತೆ ಎಂಬುದನ್ನು ಪ್ರಯೋಗದಿಂದಲೇ ನಿರ್ಣಯಿಸಬೇಕು. ಅಲ್ಲಿಯವರೆಗೆ, ರಾಗಿಯ ಹುಲ್ಲಿನೊಡನೆ ಹೊಲವನ್ನು ಬಿಟ್ಟ ಪೊಟ್ಯಾಷನ್ನು ಕೊಟ್ಟಿಗೆಯ ಗೊಬ್ಬರದ ಮೂಲಕ ಹೊಲಕ್ಕೇ ಮರಳಿಸುವುದು ನಮ್ಮ ಕೈಯಲ್ಲಿರುವ ಉಪಾಯ.