ಅಂಗನವಾಡಿಯ ದಾಖಲೆಗಳಲ್ಲಿ ತುಳುನಾಡಿನ ಶಿಶು

ಶಿಶುವಿನ ಬೆಳವಣಿಗೆಯನ್ನು ಕಂಡಂತೆ ಬರೆದಿಡುವ ಪದ್ಧತಿ ಹೊಸತಲ್ಲ. 1839ರಲ್ಲಿ ಹುಟ್ಟಿದ ತನ್ನ ಮಗನನ್ನು ಕುರಿತ ಟಿಪ್ಪಣಿಗಳನ್ನು ಚಾರ್ಲ್ಸ್ ಡಾರ್ವಿನ್ನನು 1877ರಲ್ಲಿ ಪ್ರಕಟಿಸಿದನು. ಅದು ತಂದೆಯೊಬ್ಬನ ಬರವಣಿಗೆ. ಪರರ ಮಕ್ಕಳನ್ನು ನೋಡಿಕೊಳ್ಳುವವಳೇ ಅವರ ಬೆಳವಣಿಗೆಯನ್ನೂ ಬರೆಯುವ ಏರ್ಪಾಡು ನಮ್ಮಲ್ಲಿ ವ್ಯಾಪಕವಾದುದು 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ. ದೇಶದ ಮೊದಲ 33 ಕ್ಷೇತ್ರಗಳಲ್ಲಿ ಕರ್ನಾಟಕದ್ದು ತಿರುಮಕೂಡಲು ನರಸೀಪುರ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಿಗೆ ಅಂಗನವಾಡಿ ಬಂದುದು ಅನಂತರ.

ಈ ಸೀಮೆಯ ಅನೇಕ ಮನೆಗಳಲ್ಲಿ ತಾಯಿ ಬೀಡಿ ಕಟ್ಟುತ್ತಾಳೆ. ಮಗು ಅಂಗನವಾಡಿಗೆ ಹೋಗುತ್ತದೆ. ಕಾರ್ಯಕರ್ತೆ ಅದನ್ನು ತೂಗಿ, ವಯಸ್ಸಿಗೆ ಎದುರಾಗಿ ತೂಕವನ್ನು ಪಟದಲ್ಲಿ ಗುರುತಿಸುತ್ತಾಳೆ. ಗೆರೆ ಹಸುರಿನಿಂದ ಹಳದಿಗೆ ಇಳಿಯಿತೆಂದರೆ ಎಚ್ಚರಿಕೆ. ಇದರ ಉಪಯೋಗವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಮನೆಮಾತು ತುಳುವೋ ಬ್ಯಾರಿಯೋ ಕೊಂಕಣಿಯೋ ಆಗಿರುವಲ್ಲಿ ದಾಖಲೆಯ ಭಾಷೆ ಕನ್ನಡ. ಮಗು ಮೊದಲ ಬಾರಿಗೆ ಎರಡು ಪದಗಳನ್ನು ಜೋಡಿಸಿ ‘ನೀರ್ ಬೋಡು’ ಎಂದ ದಿನಕ್ಕೆ ತೂಕದ ಪಟದಲ್ಲಿ ಎಡೆಯಿಲ್ಲ. ಅಂಥದು ಉಳಿದಿದ್ದರೆ ಕಾರ್ಯಕರ್ತೆ ತಾನಾಗಿ ಅಂಚಿನಲ್ಲಿ ಗೀಚಿದ ಸಾಲಿನಲ್ಲಿ ಮಾತ್ರ ಉಳಿದೀತು. ಇತಿಹಾಸಕ್ಕೆ ಬೇಕಾದುದು, ನಮ್ಮ ಅಭಿಪ್ರಾಯದಲ್ಲಿ, ಆ ಅಂಚೇ.

2021ರಿಂದ ಪೋಷಣ್ ಟ್ರ್ಯಾಕರ್ ಬಂದು ತೂಕ, ಎತ್ತರಗಳು ಮೊಬೈಲಿಗೆ ಏರಿವೆ. ಬಳಕೆ ತಪ್ಪಿದ ಪುಸ್ತಕ ರದ್ದಿಯಾಗಲು ಹೆಚ್ಚು ಕಾಲ ಬೇಡ. ಶಾಸನಗಳಿಗಾಗಿ ಮೂಡಬಿದಿರೆಯ ಬಸದಿಗಳನ್ನು ಸುತ್ತುವ ನಾವು ನೆರೆಯ ಅಂಗನವಾಡಿಯ ಕಪಾಟನ್ನೂ ನೋಡಬೇಕಾಗಿದೆ. ಮಕ್ಕಳ ಹೆಸರುಗಳನ್ನು ಬಿಟ್ಟು, ಅಂಚಿನ ಬರಹಗಳನ್ನು ಮೊದಲು ನಕಲು ಮಾಡತಕ್ಕದ್ದು. ಬರೆದವರನ್ನು ಕಂಡು, ಅವರದೇ ಮಾತಿನಲ್ಲಿ ವಿವರ ಕೇಳತಕ್ಕದ್ದು.