ವರ್ತಕ ನಗರದ ತರಬೇತಿ ಸಂಸ್ಥೆ: ಒಂದು ಪೂರ್ವಚರಿತ್ರೆ

ಠಾಣೆ ಪಶ್ಚಿಮದ ವರ್ತಕ ನಗರವು ವಾಗ್ಳೆ ಕೈಗಾರಿಕಾ ವಸಾಹತಿನ ಸಮೀಪದಲ್ಲಿ, ಗೃಹನಿರ್ಮಾಣ ಮಂಡಳಿಯ ಕಟ್ಟಡಗಳ ಸುತ್ತ ಬೆಳೆದ ದುಡಿಯುವ ಜನರ ಬಡಾವಣೆ. ನಾಗರಿಕ ಸೇವೆಗಳ ಸ್ಪರ್ಧಾ ಪರೀಕ್ಷೆಗೆ ಯುವಜನರನ್ನು ಅಣಿಗೊಳಿಸುವ ಚಿಂತಾಮಣರಾವ್ ದೇಶಮುಖ ಪ್ರಶಾಸಕೀಯ ಪ್ರಶಿಕ್ಷಣ ಸಂಸ್ಥೆಯು ಈ ಬಡಾವಣೆಯಲ್ಲಿ ನೆಲೆಗೊಂಡಿದೆ. 1982ರಲ್ಲಿ ರೂಪುಗೊಂಡ ಠಾಣೆ ಮಹಾನಗರಪಾಲಿಕೆಯು 1987ರಲ್ಲಿಯೇ ಇದನ್ನು ಸ್ಥಾಪಿಸಿತು. ಮಹಾರಾಷ್ಟ್ರ ಸರ್ಕಾರವು ಇಂಥದೇ ಸಂಸ್ಥೆಯನ್ನು ಮುಂಬಯಿಯಲ್ಲಿ 1976ರಲ್ಲಿ ತೆರೆದಿತ್ತಾದರೂ, ನೀರು, ಚರಂಡಿ, ಬೀದಿದೀಪಗಳ ಹೊಣೆ ಹೊತ್ತ ಸ್ಥಳೀಯ ಆಡಳಿತವೊಂದು ತನ್ನ ಊರಿನ ಮಕ್ಕಳನ್ನು ಜಿಲ್ಲಾಧಿಕಾರಿಯ ಹುದ್ದೆಯವರೆಗೆ ಮುಟ್ಟಿಸುವುದೂ ತನ್ನ ಕರ್ತವ್ಯವೆಂದು ಬಗೆದದ್ದು ನಗರಾಡಳಿತದ ಚರಿತ್ರೆಯಲ್ಲಿ ಗೌರವದಿಂದ ದಾಖಲಿಸಬೇಕಾದ ಸಂಗತಿ.

ಅಂಥ ನೆರವು ಏಕೆ ಬೇಕಾಯಿತೆಂಬುದಕ್ಕೆ ಪರೀಕ್ಷೆಯ ಹುಟ್ಟಿನಲ್ಲಿಯೇ ಉತ್ತರವಿದೆ. ಭಾರತದ ನಾಗರಿಕ ಸೇವೆಗೆ ಶಿಫಾರಸಿನ ಬದಲು ಸ್ಪರ್ಧೆಯಿಂದ ಅಧಿಕಾರಿಗಳನ್ನು ಆರಿಸುವ ಪದ್ಧತಿ 1855ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಮೇಲೆ, ಶುಲ್ಕ ಪಡೆದು ಅಭ್ಯರ್ಥಿಗಳನ್ನು ತಯಾರು ಮಾಡುವ ಖಾಸಗಿ ಪಾಠಶಾಲೆಗಳು ಅಲ್ಲಿ ತಲೆಯೆತ್ತಿದವು. ಪೊವಿಸ್ ಚೌಕದಲ್ಲಿ ವಾಲ್ಟರ್ ರೆನ್ ನಡೆಸುತ್ತಿದ್ದ ಶಾಲೆ ಅವುಗಳಲ್ಲಿ ಹೆಸರುವಾಸಿಯಾಗಿತ್ತು. 1922ರಲ್ಲಿ ಅಲಹಾಬಾದಿನಲ್ಲಿ ಪರೀಕ್ಷೆ ನಡೆಯುವವರೆಗೆ ಭಾರತೀಯ ಅಭ್ಯರ್ಥಿಯು ಹಡಗಿನ ಖರ್ಚು, ಪರದೇಶದ ವಾಸ, ಪಾಠದ ಶುಲ್ಕ ಈ ಮೂರನ್ನೂ ಹೊರಬೇಕಾಗಿದ್ದರಿಂದ, ಸ್ಪರ್ಧೆಯ ಬಾಗಿಲು ಹೆಸರಿಗೆ ಎಲ್ಲರಿಗೂ ತೆರೆದಿದ್ದರೂ ಒಳಹೋದವರು ಬಹುಪಾಲು ಉಳ್ಳವರೇ ಆಗಿದ್ದರು. ಸಂಸ್ಥೆಗೆ ಹೆಸರು ಕೊಟ್ಟ ದೇಶಮುಖರೂ 1918ರಲ್ಲಿ ಲಂಡನ್ನಿನಲ್ಲಿಯೇ ಪರೀಕ್ಷೆ ಬರೆದು ಮೊದಲ ಸ್ಥಾನ ಗಳಿಸಿದರು. 1943ರಲ್ಲಿ ಅವರು ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರಾದರು.

ಸ್ವತಂತ್ರ ಭಾರತದಲ್ಲಿ ದೌಲತ್ ಸಿಂಗ್ ಕೊಠಾರಿ ಸಮಿತಿಯ ಶಿಫಾರಸಿನಂತೆ 1979ರಿಂದ ಈ ಪರೀಕ್ಷೆ ಮೂರು ಹಂತಗಳಲ್ಲಿ ನಡೆಯತೊಡಗಿತು: ಅಭ್ಯರ್ಥಿಗಳನ್ನು ಸೋಸುವ ಪೂರ್ವಭಾವಿ ಪರೀಕ್ಷೆ, ವಿವರವಾಗಿ ಬರೆಯುವ ಮುಖ್ಯ ಪರೀಕ್ಷೆ, ಸಂದರ್ಶನದ ರೂಪದ ವ್ಯಕ್ತಿತ್ವ ಪರೀಕ್ಷೆ. ತರಬೇತಿಯೂ ಈ ಮೆಟ್ಟಿಲುಗಳನ್ನೇ ಅನುಸರಿಸಿ ದೂರದ ಗುರಿಯನ್ನು ವಾರದ, ದಿನದ ಅಭ್ಯಾಸವಾಗಿ ಒಡೆದುಕೊಂಡಿತು. ಇಂದಿನ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ ತಲಾ 3 ಗಂಟೆಗಳೊಳಗೆ 20 ಪ್ರಶ್ನೆಗಳಿಗೆ, ಅಂದರೆ ಒಂದೊಂದಕ್ಕೆ ಸರಾಸರಿ 9 ನಿಮಿಷಗಳಲ್ಲಿ, 150 ಅಥವಾ 250 ಪದಗಳ ಉತ್ತರ ಬರೆಯಬೇಕು. ಗಡಿಯಾರವನ್ನು ಮುಂದಿಟ್ಟುಕೊಂಡು ಬರೆದ ಉತ್ತರವನ್ನು ಬಲ್ಲವರೊಬ್ಬರು ತಿದ್ದಿ, ಎಲ್ಲಿ ವಿಷಯ ಬಿಟ್ಟುಹೋಯಿತು, ಎಲ್ಲಿ ಮಾತು ಬೆಳೆಯಿತು ಎಂದು ತೋರಿಸದ ಹೊರತು ಸಮಯ ಮತ್ತು ಪದಮಿತಿಯ ಮೇಲೆ ಹಿಡಿತ ಸಾಧಿಸುವುದು ಕಷ್ಟ. ನಿಜವಾದ ಮಂಡಳಿಯಂತೆಯೇ ಹಿರಿಯರು ಸಾಲಾಗಿ ಕುಳಿತು ಅಭ್ಯರ್ಥಿಯ ಊರು, ಓದು, ಹವ್ಯಾಸಗಳನ್ನು ಕೆದಕಿ ಕೇಳುವ ಅಣಕು ಸಂದರ್ಶನದ ಪ್ರಯೋಜನವೂ ಇಂಥದೇ.

ಮುಂಬಯಿ ಸುತ್ತಲಿನ ಕನ್ನಡಿಗರಿಗೆ ಸಮುದಾಯವೇ ಗುರಿಗೆ ದಾರಿ ಕಟ್ಟಿಕೊಡುವ ಈ ಕ್ರಮ ಹೊಸದೇನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಿಂದ ಮೊಗವೀರ ಮೊದಲಾದ ಸಮುದಾಯಗಳ ಸಂಘಟನೆಗಳು ಅಲ್ಲಿ ಉಚಿತ ರಾತ್ರಿಶಾಲೆಗಳನ್ನು ನಡೆಸಿದವು. ಹಗಲು ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು ತಟ್ಟೆ ಎತ್ತಿದ ಕರಾವಳಿಯ ಹುಡುಗರು ರಾತ್ರಿ ಅಲ್ಲಿ ಕುಳಿತು ಮೆಟ್ರಿಕ್ ಮುಗಿಸಿ, ಗುಮಾಸ್ತರೂ ವಕೀಲರೂ ಉದ್ಯಮಿಗಳೂ ಆದರು. ಆ ಶಾಲೆಗಳ ನಿಜವಾದ ಹಿರಿಮೆಯೆಂದರೆ ವಿದ್ಯಾರ್ಥಿಯ ದುಡಿಮೆಯ ವೇಳೆಯನ್ನು ಮೊದಲು ಒಪ್ಪಿಕೊಂಡು, ಆಮೇಲೆ ಪಾಠದ ವೇಳೆಯನ್ನು ಗೊತ್ತುಮಾಡಿದ್ದು. ನಾಗರಿಕ ಸೇವೆಯ ತಯಾರಿಯಲ್ಲಿ ಈ ಹೊಂದಾಣಿಕೆ ಹೆಚ್ಚು ಕಠಿಣ. ಪೂರ್ವಭಾವಿ ಪರೀಕ್ಷೆಯಿಂದ ಅಂತಿಮ ಫಲಿತಾಂಶದವರೆಗೆ ಸುಮಾರು ಒಂದು ವರ್ಷ ಹಿಡಿಯುವುದರಿಂದ, ಪಾಲಿಕೆ ಪಾಠದ ಭಾರವನ್ನು ಇಳಿಸಿದರೂ ಆ ಅವಧಿಯ ಗಳಿಕೆಯನ್ನು ಬಿಟ್ಟುಕೊಡುವ ಭಾರವನ್ನು ವರ್ತಕ ನಗರದಂಥ ಬಡಾವಣೆಯ ಕುಟುಂಬವೇ ಹೊರಬೇಕಾಗುತ್ತದೆ.